ಚಾಲಕರು ಎಲ್ಲಿ ಮಲಗಿದರು?



ಕಳೆದ ಬಾರಿ ನೀವು ಶಾಲೆಯಿಂದಲೋ ಕಾಲೇಜಿನಿಂದಲೋ ಪ್ರವಾಸಕ್ಕೆ ಹೋದದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹಂಪಿ ನೋಡಿದಿರಿ, ಬಾದಾಮಿ ನೋಡಿದಿರಿ. ರಾತ್ರಿ ಯಾವುದೋ ಛತ್ರದಲ್ಲೋ ಲಾಡ್ಜಿನಲ್ಲೋ ಉಳಿದಿರಿ. ಯಾರ ಪಕ್ಕದಲ್ಲಿ ಯಾರು ಮಲಗಬೇಕು ಎಂದು ಜಗಳವಾಡಿದ್ದೂ ನೆನಪಿರಬಹುದು. ಈಗ ಒಂದು ಪ್ರಶ್ನೆ. ನಿಮ್ಮನ್ನು ಅಷ್ಟು ದೂರ ಕರೆದೊಯ್ದು ಮತ್ತೆ ಮನೆ ಮುಟ್ಟಿಸಿದ ಚಾಲಕರು ಆ ರಾತ್ರಿ ಎಲ್ಲಿ ಮಲಗಿದ್ದರು?

ಉತ್ತರ ಹೊಳೆಯದಿದ್ದರೆ ಬೇಸರಪಡಬೇಡಿ. ವರ್ಷಗಟ್ಟಲೆ ಊರೂರು ತಿರುಗಿ ಕಾರ್ಯಕ್ರಮ ತಯಾರಿಸಿದ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಅದನ್ನು ಕೇಳಲು ಕಲಿತದ್ದು ಹೇಗೆ, ಕೇಳಿದ ಮೇಲೆ ವಾಹನದೊಳಗೆ ಒಂದು ಒಳ್ಳೆಯ ಹಾಸಿಗೆ ಮಾಡಲು ನಾವು ಏನೇನು ಪಾಡುಪಟ್ಟೆವು ಎಂಬುದೇ ಇಂದಿನ ಮಾತಿನ ವಿಷಯ.

ಹೊರದೇಶಗಳಲ್ಲಿ ಕ್ಯಾಂಪರ್‌ವ್ಯಾನ್ ಎಂಬ ವಾಹನವಿದೆ. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಎಂಬ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಜೋಡಿಸಬಹುದಾದ ಮಲಗುವ ಸಾಮಾನುಗಳನ್ನು ತಯಾರಿಸಿತು. ಅಂದಿನಿಂದ ವ್ಯಾನೇ ಮನೆಯಾಗಿ, ರಜೆಯಲ್ಲಿ ಕುಟುಂಬ ಸಮೇತ ಸುತ್ತುವ ಹವ್ಯಾಸ ಅಲ್ಲಿ ಬೆಳೆಯಿತು. ನಮ್ಮಲ್ಲಿ ವಾಹನದೊಳಗೆ ಮಲಗುವವರು ಹವ್ಯಾಸಕ್ಕಾಗಿ ಮಲಗುವುದಿಲ್ಲ. ಬಳ್ಳಾರಿಯ ಅದಿರು ಲಾರಿಗಳ ಸಾಲನ್ನು ನೋಡಿದವರಿಗೆ, ಸಿರುಗುಪ್ಪದ ಅಕ್ಕಿ ಗಿರಣಿಗಳ ಮುಂದೆ ಲೋಡಿಗಾಗಿ ಕಾದು ನಿಂತ ಲಾರಿಗಳನ್ನು ನೋಡಿದವರಿಗೆ ಇದು ಗೊತ್ತು. ಕ್ಯಾಬಿನ್ನಿನ ಹಿಂದಿನ ಹಲಗೆಯ ಮೇಲೆ ಒಬ್ಬರು, ಲಾರಿಯ ಕೆಳಗೆ ನೆರಳಿನಲ್ಲಿ ಇನ್ನೊಬ್ಬರು. ನಮ್ಮ ನಾಡಿನ ನಿಜವಾದ ಕ್ಯಾಂಪರ್‌ವ್ಯಾನ್ ವಾಸಿಗಳು ಇವರೇ.

2019ರ ಫೆಬ್ರವರಿಯಲ್ಲಿ ನಾವು ಐದು ಜನ ಚಿತ್ರೀಕರಣಕ್ಕೆಂದು ಬಳ್ಳಾರಿಗೆ ಹೋಗಿದ್ದೆವು. ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಬೇಸಾಯ ಮತ್ತು ಸುತ್ತಲಿನ ಹಳೆಯ ಗುಡಿಗಳು ನಮ್ಮ ವಿಷಯ. ಬಾಡಿಗೆಗೆ ಪಡೆದ ಒಂದು ಟೆಂಪೊ ಟ್ರಾವೆಲರ್ ಇತ್ತು. ಅದರ ಚಾಲಕರು ಬಳ್ಳಾರಿ ಕಡೆಯವರೇ, ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಮೊದಲ ದಿನ ಲಾಡ್ಜಿಗೆ ಹೋಗುವಾಗ, "ನಿಮಗೆ ರೂಮು?" ಎಂದು ಬಾಯಿಮಾತಿಗೆ ಕೇಳಿದೆ. "ಕ್ಯಾಮೆರಾ ಸಾಮಾನು ಐತಲ್ರಿ ಸಾರ್, ನಾನು ಗಾಡ್ಯಾಗ ಮಲ್ಕೋತೀನಿ" ಎಂದರು. ನನಗೂ ಅನುಕೂಲವಾಯಿತು. ಸಾಮಾನಿಗೆ ಕಾವಲೂ ಆಯಿತು, ಬಾಡಿಗೆಯೂ ಉಳಿಯಿತು ಎಂದುಕೊಂಡೆ.

ನಾಲ್ಕನೆಯ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಸಿರುಗುಪ್ಪ ಬಿಟ್ಟೆವು. ಕುರುಗೋಡಿನ ಬಂಡೆ ಬೆಟ್ಟಗಳ ಮೇಲೆ ಸೂರ್ಯೋದಯವನ್ನು ಹಿಡಿಯಲೇಬೇಕೆಂಬುದು ನನ್ನ ಹಟ. ತೆಕ್ಕಲಕೋಟೆ ದಾಟಿ ಸ್ವಲ್ಪ ದೂರ ಹೋಗಿದ್ದೆವು. ವ್ಯಾನು ಒಮ್ಮೆಲೇ ಎಡಕ್ಕೆ ವಾಲಿತು. ಡಾಂಬರು ಬಿಟ್ಟು ಕೆಳಗಿಳಿದು, ಕುಲುಕಾಡುತ್ತ ಗದ್ದೆಯ ಬದುವಿಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಇಳಿದು ಟಾರ್ಚು ಹಿಡಿದು ನೋಡಿದರೆ ಇಪ್ಪತ್ತು ಹೆಜ್ಜೆ ಮುಂದೆ ಕಾಲುವೆ ತುಂಬಿ ಹರಿಯುತ್ತಿತ್ತು.

"ಏನಾಯ್ತಣ್ಣ?" ಎಂದೆ.

"ಕಣ್ಣು ಹತ್ತಿಬಿಡ್ತು ಸಾರ್. ತಪ್ಪಾತು."

"ರಾತ್ರಿ ನಿದ್ದೆ ಬರಲಿಲ್ಲವೇ?"

"ಯಾವ ರಾತ್ರೀದು ಕೇಳ್ತೀರಿ ಸಾರ್?"

ಆಗ ಒಂದೊಂದೇ ಹೊರಬಿತ್ತು. ಮೊದಲ ರಾತ್ರಿ ಬಳ್ಳಾರಿಯಲ್ಲಿ, ಸಾಮಾನು ಕಳುವಾದೀತೆಂದು ಗಾಜುಗಳನ್ನೆಲ್ಲ ಏರಿಸಿ ಮಲಗಿದ್ದರು. ಸೆಕೆಗೆ ನಿದ್ದೆ ಹತ್ತಲಿಲ್ಲ. ಎರಡನೆಯ ರಾತ್ರಿ ಕುರುಗೋಡಿನಲ್ಲಿ ವ್ಯಾನು ಇಳಿಜಾರಿನಲ್ಲಿತ್ತು. ರಾತ್ರಿಯೆಲ್ಲ ಆಸನದಿಂದ ಜಾರುತ್ತಿದ್ದರು. ಮೂರನೆಯ ರಾತ್ರಿ ಸಿರುಗುಪ್ಪದಲ್ಲಿ ಸೊಳ್ಳೆ. ಅದೂ ನಾವು ಕೆಲಸ ಮುಗಿಸಿದಾಗ ರಾತ್ರಿ ಹನ್ನೊಂದು, ಅವರನ್ನು ಎಬ್ಬಿಸಿದಾಗ ಮೂರೂವರೆ. ಆ ವೇಳಾಪಟ್ಟಿಯನ್ನು ಬರೆದವನು ನಾನೇ. ತಪ್ಪು ನನ್ನದಾಗಿತ್ತು, ಕ್ಷಮೆ ಕೇಳಿದವರು ಮಾತ್ರ ಅವರು.

ವಿಜ್ಞಾನದ ಪದವೀಧರನಾಗಿ ನಾನು ಲೆಕ್ಕ ಹಾಕಬೇಕಾಗಿದ್ದ ಒಂದು ಲೆಕ್ಕವನ್ನು ಈಗ ನಿಮ್ಮ ಮುಂದಿಡುತ್ತೇನೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು ಹದಿನೇಳು ಮೀಟರ್ ಓಡುತ್ತದೆ. ನಿದ್ದೆಗೆಟ್ಟವರಿಗೆ ತಮಗೇ ತಿಳಿಯದಂತೆ ಕೆಲವು ಸೆಕೆಂಡುಗಳ ಕಿರುನಿದ್ದೆ ಬರುತ್ತದೆ. ಕಣ್ಣು ತೆರೆದಿದ್ದರೂ ಮಿದುಳು ಮಲಗಿರುತ್ತದೆ. ಮೂರೇ ಸೆಕೆಂಡು ಎಂದು ಹಿಡಿಯಿರಿ. ಅಷ್ಟರಲ್ಲಿ ವಾಹನ ಚಾಲಕನಿಲ್ಲದೆ 50 ಮೀಟರ್ ಓಡಿತು! ಸತತ ಹದಿನೇಳು ಗಂಟೆ ಎಚ್ಚರವಾಗಿರುವ ವ್ಯಕ್ತಿಯ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ಮೋಟಾರು ವಾಹನ ಕಾಯ್ದೆ ಒಪ್ಪುವ ಮಿತಿ ಶೇಕಡಾ 0.03 ಮಾತ್ರ. ಕುಡಿದವನಿಗೆ ಕೀಲಿಕೈ ಕೊಡಲು ನಾವು ಹೆದರುತ್ತೇವೆ. ನಿದ್ದೆಗೆಟ್ಟವರ ಕೈಗೆ ಕೀಲಿ ಕೊಟ್ಟು, ಹಿಂದಿನ ಆಸನದಲ್ಲಿ ಗೊರಕೆ ಹೊಡೆಯುತ್ತೇವೆ.

ಉಳಿದ ಚಿತ್ರೀಕರಣಕ್ಕೆ ಮಾರ್ಚ್ ತಿಂಗಳಲ್ಲಿ ಮತ್ತೆ ಹೊರಟೆವು. ಅದೇ ವ್ಯಾನು, ಅದೇ ಚಾಲಕರು. ಈ ಸಲ ಮೂರೂ ರಾತ್ರಿ ನಾನೂ ವ್ಯಾನಿನಲ್ಲೇ ಮಲಗುತ್ತೇನೆ ಎಂದೆ. "ನಿಮ್ಮ ಕೈಲಿ ಆಗಂಗಿಲ್ರಿ ಸಾರ್" ಎಂದು ಅವರು ನಕ್ಕರು. ಆದರೂ ಮಲಗಿದೆ. ಮೂರು ಊರುಗಳೂ ಒಂದೊಂದು ಪಾಠ ಕಲಿಸಿದವು.

ಮೊದಲ ಪಾಠ ಬಳ್ಳಾರಿಯದು: ಸೆಕೆ. ಮಧ್ಯಾಹ್ನದ ನೆತ್ತಿಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಶಕ್ತಿಯನ್ನು ಸುರಿಯುತ್ತದೆ. ವ್ಯಾನಿನ ಚಾವಣಿ ಎಂಟು ಚದರ ಮೀಟರ್ ಇದ್ದರೆ, ಎಂಟು ಇಸ್ತ್ರಿಪೆಟ್ಟಿಗೆಗಳನ್ನು ಅದರ ಮೇಲೆ ಇಟ್ಟಂತೆ. ಇದರಲ್ಲಿ ಒಂದಿಷ್ಟು ಮರಳಿ ಹೋಗುತ್ತದೆ, ಉಳಿದದ್ದು ತಗಡನ್ನು ಕಾಯಿಸುತ್ತದೆ. ಗಾಜಿನ ಮೂಲಕ ಒಳಗೆ ಬಂದ ಬೆಳಕು ಆಸನಗಳನ್ನು ಕಾಯಿಸುತ್ತದೆ. ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಆದ್ದರಿಂದ ಗಾಜಿಗೆ ಪರದೆಯನ್ನು ಒಳಗೆ ಕಟ್ಟುವುದಕ್ಕಿಂತ ಹೊರಗೆ ಕಟ್ಟುವುದು ಮೇಲು. ಬಿಸಿಲು ಗಾಜನ್ನು ದಾಟುವ ಮೊದಲೇ ತಡೆದಂತಾಯಿತು. ಸಂಜೆಯಾಗುತ್ತಲೇ ಎಲ್ಲ ಬಾಗಿಲುಗಳನ್ನೂ ಅರ್ಧ ಗಂಟೆ ತೆರೆದಿಡಬೇಕು.

ಇನ್ನೊಂದು ಸಂಗತಿ ನನಗೆ ಚಾಲಕರಿಂದಲೇ ತಿಳಿಯಿತು. ಕೋಟೆಗುಡ್ಡದ ಹತ್ತಿರ ಒಳ್ಳೆಯ ಜಾಗವಿದೆ, ಅಲ್ಲೇ ನಿಲ್ಲಿಸೋಣ ಎಂದೆ. "ಬಂಡೆ ಮಗ್ಗಲಕ್ಕ ಬ್ಯಾಡ್ರಿ ಸಾರ್, ಕಲ್ಲು ಬೆಳಗಾನ ಕಾವು ಬಿಡ್ತೈತಿ" ಎಂದರು. ಭೌತಶಾಸ್ತ್ರದ ಪುಸ್ತಕದಲ್ಲಿ ನಾನು ಓದಿದ್ದೂ ಇದೇ. ಬಂಡೆಯ ರಾಶಿ ಹೆಚ್ಚು. ಹಗಲೆಲ್ಲ ಹೀರಿದ ಉಷ್ಣವನ್ನು ಅದು ರಾತ್ರಿಯಿಡೀ ಬಿಡುತ್ತದೆ. ಡಾಂಬರು, ಸಿಮೆಂಟು ನೆಲಗಳೂ ಹಾಗೆಯೇ. ವ್ಯಾನಿನ ತಗಡಾದರೋ ತೆಳುವು. ಬೇಗ ಕಾಯುತ್ತದೆ, ಬೇಗ ಆರುತ್ತದೆ. ತಿಳಿಯಾದ ಆಕಾಶದ ಕೆಳಗೆ ಅದು ಉಷ್ಣವನ್ನು ವಿಕಿರಣದ ಮೂಲಕ ಮೇಲಕ್ಕೆ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ಜನ ಮನೆಯೊಳಗೆ ಮಲಗದೆ ಮಾಳಿಗೆ ಹತ್ತಿ ಮಲಗುವುದೂ ಇದೇ ಆಕಾಶದ ತಂಪಿಗಾಗಿ. ಬಂಡೆಯಿಂದ ದೂರ, ಗಾಳಿಯಾಡುವ ಮಣ್ಣಿನ ಬಯಲಿನಲ್ಲಿ ವ್ಯಾನು ನಿಲ್ಲಿಸಿದೆವು.

ಆದರೆ ಒಳಗಿನ ಸೆಕೆಗೆ ನಾವೂ ಕಾರಣ. ಮಲಗಿರುವ ಒಬ್ಬ ಮನುಷ್ಯ ಸುಮಾರು 70 ರಿಂದ 80 ವ್ಯಾಟ್ ಉಷ್ಣವನ್ನು ಹೊರಸೂಸುತ್ತಾನೆ. ಇಬ್ಬರು ಮಲಗಿದರೆ ಹಳೆಯ ಕಾಲದ ಎರಡು ಬಲ್ಬುಗಳು ರಾತ್ರಿಯಿಡೀ ಉರಿದಂತೆ. ಈ ಉಷ್ಣವನ್ನು ಹೊರಗೆ ಕಳಿಸಲು ಗಾಳಿಗೆ ಎರಡು ದಾರಿ ಬೇಕು, ಬರಲು ಒಂದು, ಹೋಗಲು ಒಂದು. ಒಂದೇ ಕಿಟಕಿಯನ್ನು ಪೂರ್ತಿ ತೆರೆಯುವುದಕ್ಕಿಂತ ಎದುರುಬದುರಿನ, ಓರೆಕೋರೆಯ ಎರಡು ಕಿಟಕಿಗಳನ್ನು ನಾಲ್ಕು ಬೆರಳು ತೆರೆಯುವುದು ಉತ್ತಮ. ಬಿಸಿ ಗಾಳಿ ಮೇಲೇರುವುದರಿಂದ ಚಾವಣಿಯಲ್ಲಿ ಕಿಂಡಿಯಿದ್ದರೆ ಇನ್ನೂ ಒಳ್ಳೆಯದು. ಮಾಳಿಗೆ ಮನೆಗಳ ಬೆಳಕಿಂಡಿ ಇದೇ ಕೆಲಸ ಮಾಡುತ್ತದೆ.

ಕಿಟಕಿ ತೆರೆದರೆ ಕಳ್ಳರ ಭಯ. ಅದಕ್ಕೇ ಅಲ್ಲವೇ ಅವರು ಗಾಜು ಏರಿಸಿದ್ದು? ಈ ತೊಡಕಿಗೆ ಪರಿಹಾರ ಸಿಕ್ಕಿದ್ದು ಎರಡನೆಯ ಊರಾದ ಕುರುಗೋಡಿನಲ್ಲಿ.

ಕುರುಗೋಡಿನ ದೊಡ್ಡ ಬಸವೇಶ್ವರ ಗುಡಿಯಲ್ಲಿ ಏಕಶಿಲೆಯ ದೊಡ್ಡ ನಂದಿಯಿದೆ. ಹಿಂದೆ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ನಮ್ಮ ಚಾಲಕರೂ ಚಿಕ್ಕಂದಿನಲ್ಲಿ ಹಾಗೆ ಬಂದವರೇ. ಎತ್ತು ಬಿಚ್ಚಿದ ಕೂಡಲೇ ಅವರ ತಂದೆ ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಮುಂಭಾಗಕ್ಕೆ ಕೋಲು ಊರಿ ಬಂಡಿಯನ್ನು ಸಮಮಾಡುವುದು. ಆಮೇಲೆ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ, ಅದರ ಮೇಲೆ ಕೌದಿ. ನೋಡಿ, ಮಲಗುವ ವಾಹನದ ಶಾಸ್ತ್ರವೆಲ್ಲ ಅದರಲ್ಲೇ ಇದೆ: ಮೊದಲು ಸಮತಟ್ಟು, ಆಮೇಲೆ ಗಾಳಿಯಾಡುವ ತಳ, ಕೊನೆಗೆ ಮೆತ್ತನೆಯ ಹೊದಿಕೆ. ನಾವಾದರೋ ಮೆತ್ತಗಿರುವುದನ್ನೇ ಮೊದಲು ಹುಡುಕುತ್ತೇವೆ.

ಸಮತಟ್ಟು ನೋಡಲು ಉಪಕರಣವೇನೂ ಬೇಡ. ಅರ್ಧ ನೀರು ತುಂಬಿದ ಬಾಟಲಿಯನ್ನು ಅಡ್ಡ ಮಲಗಿಸಿದರೆ ಗುಳ್ಳೆ ಯಾವ ಕಡೆಗೆ ಹೋಗುತ್ತದೆಯೋ ಆ ಕಡೆ ಎತ್ತರ. ತಗ್ಗಿನ ಕಡೆಯ ಚಕ್ರಗಳನ್ನು ಗಟ್ಟಿ ಮರದ ಹಲಗೆಯ ಮೇಲೆ ಹತ್ತಿಸಬೇಕು. ಕಲ್ಲು ಬೇಡ, ಜಾರೀತು, ಒಡೆದೀತು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆಕೊಟ್ಟ ಮೇಲೆಯೇ ಮಲಗಬೇಕು. ಪೂರ್ತಿ ಸಮ ಆಗದಿದ್ದರೆ ತಲೆ ಎತ್ತರದ ಕಡೆಗಿರಲಿ.

ಇನ್ನು ಹಾಸಿಗೆಯ ಅಳತೆ. ನಮ್ಮ ವ್ಯಾನಿನ ಒಳಗಿನ ಅಗಲವನ್ನು ಅಳೆದೆ, ಐದೂವರೆ ಅಡಿ. ಚಾಲಕರ ಎತ್ತರ ಐದು ಅಡಿ ಎಂಟು ಅಂಗುಲ. ಅಡ್ಡಲಾಗಿ ಮಲಗಿದರೆ ಕಾಲು ಮಡಿಸಲೇಬೇಕು. ನಾನು ಪೈಥಾಗೊರಸ್‌ನ ಮೊರೆಹೊಕ್ಕೆ. ಐದೂವರೆ ಅಡಿ ಅಗಲ, ಮೂರು ಅಡಿ ಉದ್ದದ ಜಾಗದಲ್ಲಿ ಕರ್ಣದ ಉದ್ದ ಆರೂಕಾಲು ಅಡಿ. ಹಾಗಾದರೆ ಓರೆಯಾಗಿ ಮಲಗಬಹುದಲ್ಲ! ಮಲಗಿ ನೋಡಿದೆ. ತಲೆ ಒಂದು ಮೂಲೆಗೆ, ಭುಜ ಇನ್ನೊಂದು ಗೋಡೆಗೆ ತಾಗಿತು. ಕರ್ಣ ಒಂದು ರೇಖೆ, ಮನುಷ್ಯ ರೇಖೆಯಲ್ಲ. ಅವನಿಗೆ ಅಗಲವೂ ಇದೆ ಎಂಬುದನ್ನು ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆದ ನಾನು ಮರೆತಿದ್ದೆ. ಕೊನೆಗೆ ಹಾಸಿಗೆಯನ್ನು ವ್ಯಾನಿನ ಉದ್ದಕ್ಕೇ ಹಾಕುವುದೆಂದು ತೀರ್ಮಾನವಾಯಿತು. ನೆನಪಿಡಿ: ಹಾಸಿಗೆಯ ಉದ್ದ ಮಲಗುವವರ ಎತ್ತರಕ್ಕಿಂತ ಅರ್ಧ ಅಡಿಯಾದರೂ ಹೆಚ್ಚಿರಬೇಕು, ಮಗ್ಗುಲು ಬದಲಿಸಲು ಎರಡೂವರೆ ಅಡಿ ಅಗಲ ಬೇಕು.

ಆಸನಗಳನ್ನು ಕಿತ್ತುಹಾಕಲಿಲ್ಲ. ವಾಹನದ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸಲು ಕಾನೂನು ಬಿಡುವುದಿಲ್ಲ. ಕ್ಯಾಮೆರಾ, ದೀಪಗಳ ಪೆಟ್ಟಿಗೆಗಳನ್ನು ಹಿಂಭಾಗದಲ್ಲಿ ಒಂದೇ ಎತ್ತರಕ್ಕೆ ಜೋಡಿಸಿ, ಪಟ್ಟಿಯಿಂದ ಬಿಗಿದು, ಮೇಲೆ ಆರಡಿ ಎರಡಂಗುಲ ಉದ್ದದ ಪ್ಲೈವುಡ್ ಹಾಸಿದೆವು. ಹಗಲು ಮಡಿಸಿಡಲು ನಡುವೆ ಕೀಲು ಹಾಕಿಸಿದೆವು. ಈಗ ಸಾಮಾನೆಲ್ಲ ಹಾಸಿಗೆಯ ಅಡಿ! ಮಲಗಿದವರನ್ನು ಎಬ್ಬಿಸದೆ ಯಾರೂ ಒಂದು ಪೆಟ್ಟಿಗೆಯನ್ನೂ ಎಳೆಯಲಾರರು. ಕಿಟಕಿಗಳನ್ನು ಧೈರ್ಯವಾಗಿ ನಾಲ್ಕು ಬೆರಳು ತೆರೆಯಬಹುದು. ಬಳ್ಳಾರಿಯ ತೊಡಕು ಹೀಗೆ ಬಗೆಹರಿಯಿತು.

"ಹಲಿಗಿಗೆ ತೂತು ಹೊಡೀರಿ ಸಾರ್, ಹೊರಸು ಇದ್ದಂಗ ಇರಬೇಕು" ಎಂದರು ಚಾಲಕರು. ಹಗ್ಗ ಹೆಣೆದ ಹೊರಸಿನಲ್ಲಿ ಮಲಗಿದವರಿಗೆ ಅದರ ಸುಖ ಗೊತ್ತು. ಕೆಳಗಿನಿಂದಲೂ ಗಾಳಿ ಆಡುತ್ತದೆ. ಬಡಗಿ ನಾಲ್ಕು ಅಂಗುಲಕ್ಕೊಂದರಂತೆ ರಂಧ್ರ ಕೊರೆದುಕೊಟ್ಟರು. ಮೇಲೆ ತೆಂಗಿನ ನಾರಿನ ಚಾಪೆ, ಅದರ ಮೇಲೆ ತೆಳು ಹತ್ತಿಯ ಹಾಸಿಗೆ. ದಪ್ಪ ಫೋಮ್ ಹಾಸಿಗೆ ಕೈಗೆ ಮೆತ್ತಗಿದ್ದರೂ ಮೈ ಅದರಲ್ಲಿ ಹೂತು, ಬೆನ್ನಿನ ಶಾಖ ಹೊರಹೋಗದೆ, ನಡುರಾತ್ರಿ ಬೆವರು ಸುರಿಯುತ್ತದೆ.

ರಂಧ್ರಗಳ ನಿಜವಾದ ಬೆಲೆ ತಿಳಿದದ್ದು ಮೂರನೆಯ ಊರಾದ ಸಿರುಗುಪ್ಪದಲ್ಲಿ. ಸುತ್ತಲೂ ನೀರು ನಿಂತ ಭತ್ತದ ಗದ್ದೆ, ಗಾಳಿಯಲ್ಲಿ ತೇವ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೌಲ್ ಉಷ್ಣವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಗುಪ್ತೋಷ್ಣದ ಪಾಠ ನೆನಪಿಸಿಕೊಳ್ಳಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆವಿಯಾಗದೆ ಮೈಗೆ ಅಂಟುತ್ತದೆ. ಅಲ್ಲದೆ ಉಸಿರು, ಬೆವರುಗಳಿಂದ ಒಬ್ಬರು ರಾತ್ರಿಯಲ್ಲಿ ಹೊರಬಿಡುವ ನೀರೇ ಕಾಲು ಲೀಟರಿಗಿಂತ ಹೆಚ್ಚು. ವ್ಯಾನು ಮುಚ್ಚಿದ್ದರೆ ಅದು ಗಾಜಿನ ಮೇಲೆ ಹನಿಯಾಗುತ್ತದೆ, ಹಾಸಿಗೆಯ ಅಡಿ ಸೇರಿ ಬೂಸ್ಟು ಹಿಡಿಸುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಎತ್ತಿ ಬಿಸಿಲಿಗೆ ಹಾಕುವ ನಮ್ಮ ಅಜ್ಜಿಯರ ಪದ್ಧತಿ ವ್ಯಾನಿಗೂ ಅನ್ವಯಿಸುತ್ತದೆ.

ಸೊಳ್ಳೆಯ ಮಾತು ಹಗುರವಲ್ಲ. ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಜಪಾನೀಸ್ ಮಿದುಳುಜ್ವರವನ್ನು ಹರಡಬಲ್ಲವು. ಅವು ಕಚ್ಚುವುದು ಸಂಜೆ ಮತ್ತು ರಾತ್ರಿ. ಸೊಳ್ಳೆಬತ್ತಿಯ ಹೊಗೆಯನ್ನು ಅಷ್ಟು ಸಣ್ಣ ಜಾಗದಲ್ಲಿ ರಾತ್ರಿಯಿಡೀ ಕುಡಿಯುವುದು ತರವಲ್ಲ, ಬೆಂಕಿಯ ಭಯವೂ ಇದೆ. ಪರದೆಯೇ ಮೇಲು. ಒಂದು ಚದರ ಅಂಗುಲಕ್ಕೆ 156 ಕಣ್ಣುಗಳಿರುವ ಬಲೆಯನ್ನು ಸೊಳ್ಳೆಪರದೆಗೆ ಬಳಸುವುದು ರೂಢಿ. ಅಂದರೆ ಅಂಗುಲಕ್ಕೆ ಹನ್ನೆರಡೂವರೆ, ಎರಡು ಮಿಲಿಮೀಟರಿಗೊಂದು ಕಣ್ಣು. ಸೊಳ್ಳೆ ನುಸುಳದು, ಗಾಳಿ ನುಸುಳೀತು. ಸಿರುಗುಪ್ಪದ ದರ್ಜಿಯೊಬ್ಬರು ಆ ಬಲೆಯಿಂದ, ತೆರೆದ ಬಾಗಿಲಿಗೆ ಮೇಲಿನಿಂದ ತೊಡಿಸುವಂತೆ, ದಿಂಬಿನ ಗವಸಿನ ಆಕಾರದ ಚೀಲಗಳನ್ನು ಹೊಲಿದುಕೊಟ್ಟರು. ಪರದೆ ಗಾಳಿಯನ್ನು ಸ್ವಲ್ಪ ತಡೆಯುವುದರಿಂದ ಬ್ಯಾಟರಿಯ ಒಂದು ಸಣ್ಣ ಫ್ಯಾನು ಇಟ್ಟೆವು. ಆ ರಾತ್ರಿ ಹತ್ತು ಗಂಟೆಗೆ ಮಲಗಿದ ಚಾಲಕರು ಎದ್ದದ್ದು ಬೆಳಗ್ಗೆ ಆರಕ್ಕೆ. ಸೂರ್ಯೋದಯದ ದೃಶ್ಯ ನನಗೆ ಸಿಗಲಿಲ್ಲ. ಕಾರ್ಯಕ್ರಮ ಅದಿಲ್ಲದೆಯೇ ಪ್ರಸಾರವಾಯಿತು. ಯಾವ ವೀಕ್ಷಕರೂ ಅದನ್ನು ಕೇಳಲಿಲ್ಲ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಎ.ಸಿ.ಗಾಗಿ ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ ಎಂದಿಗೂ ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆಬದಿಗೆ ನಿಲ್ಲಿಸಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಸತ್ತದ್ದು ಹೀಗೆಯೇ. ಜನರೇಟರಿನ ಹೊಗೆ ಒಳಸೇರಿತ್ತು. ಅವರು ಎಚ್ಚರಗೊಳ್ಳಲೇ ಇಲ್ಲ. ಹಾಗೆಯೇ ಚಲಿಸುತ್ತಿರುವ ವಾಹನದಲ್ಲಿ ಇಂಥ ಹಲಗೆಯ ಮೇಲೆ ಯಾರೂ ಮಲಗಕೂಡದು. ಬ್ರೇಕು ಹಾಕಿದಾಗ ವಾಹನ ನಿಲ್ಲುತ್ತದೆ, ಮಲಗಿದವನು ನಿಲ್ಲುವುದಿಲ್ಲ. ಇದು ನ್ಯೂಟನ್ನನ ಮೊದಲ ನಿಯಮ.

ಇಷ್ಟೆಲ್ಲ ಮಾಡಿದರೂ ವ್ಯಾನಿನ ಹಾಸಿಗೆ ವ್ಯಾನಿನ ಹಾಸಿಗೆಯೇ. ಅದರಲ್ಲಿ ಶೌಚಾಲಯವಿಲ್ಲ, ಸ್ನಾನಕ್ಕೆ ನೀರಿಲ್ಲ. ರೈಲು ಓಡಿಸುವವರಿಗೆ ರೈಲ್ವೆಯವರು ರನ್ನಿಂಗ್ ರೂಮ್ ಎಂಬ ವಿಶ್ರಾಂತಿ ಗೃಹ ಕಟ್ಟಿದ್ದಾರೆ. ಅಲ್ಲಿ ಮಂಚ, ಊಟ ಎಲ್ಲ ಇದೆ. ರಸ್ತೆಯ ಚಾಲಕರಿಗೆ? ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆ ಕೆಲಸ, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಒಂಬತ್ತು ಗಂಟೆ ಬಿಡುವು ಎಂದು 1961ರ ಕಾಯ್ದೆಯೇ ಹೇಳಿತ್ತು. ಆ ಒಂಬತ್ತು ಗಂಟೆ ಎಲ್ಲಿ ಮಲಗಬೇಕು ಎಂಬ ಪ್ರಶ್ನೆ ಮಾತ್ರ ಬಹಳ ಕಾಲ ಉಳಿಯಿತು. ತಮಿಳುನಾಡು ಸರ್ಕಾರ 2023ರಲ್ಲಿ ಕಟ್ಟಡ ನಿಯಮಗಳನ್ನು ತಿದ್ದಿ, ಹೋಟೆಲು ಲಾಡ್ಜುಗಳಲ್ಲಿ ಅತಿಥಿಗಳ ಚಾಲಕರಿಗೂ ಮಲಗುವ ಕೊಠಡಿ, ಶೌಚಾಲಯ ಇರಬೇಕೆಂದು ವಿಧಿಸಿತು. 2025ರಿಂದ ದೇಶದಲ್ಲಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಇವು ಒಳ್ಳೆಯ ಹೆಜ್ಜೆಗಳು. ಆದರೆ ನಿಮ್ಮ ಕಾಲೇಜಿನ ಪ್ರವಾಸದ ವಾಹನಕ್ಕೆ ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ.

ಮುಂದಿನ ಪ್ರವಾಸದ ಪಟ್ಟಿ ಮಾಡುವಾಗ ಹಾಸಿಗೆಗಳ ಲೆಕ್ಕದಲ್ಲಿ ಇನ್ನೊಂದನ್ನು ಸೇರಿಸಿ. ಕೊಠಡಿ ಸಿಕ್ಕರೆ ಕೊಠಡಿ. ಸಿಗದಿದ್ದರೆ ಸಮತಟ್ಟಾದ ನೆಲ, ಎರಡು ಕಡೆಯ ಗಾಳಿ, ಒಂದು ಪರದೆ, ಕಾಲು ಚಾಚುವಷ್ಟು ಹಲಗೆ. ಬೆಳಗಿನ ಜಾವ ಎರಡರಿಂದ ಆರರವರೆಗೆ ಮೈಯ ಗಡಿಯಾರವೇ ನಿದ್ದೆಯನ್ನು ಬೇಡುತ್ತದೆ. ಆ ಹೊತ್ತಿನ ಪ್ರಯಾಣ ಬೇಡವೆಂದು ಮೇಷ್ಟ್ರಿಗೆ ಹೇಳಿ. ಎದ್ದ ಕೂಡಲೇ ವಾಹನ ಹತ್ತಿಸಬೇಡಿ. ನಿದ್ದೆಯ ಮಂಪರು ಇಳಿಯಲು ಅರ್ಧ ಗಂಟೆ ಕೊಡಿ, ಒಂದು ಲೋಟ ಚಹಾ ಕೊಡಿ.

ನಮ್ಮ ತಂಡದ ವೇಳಾಪಟ್ಟಿಯಲ್ಲಿ ಅಂದಿನಿಂದ ಒಂದು ಹೊಸ ಸಾಲು ಸೇರಿದೆ. ಕ್ಯಾಮೆರಾ, ಧ್ವನಿ, ದೀಪ ಎಂಬ ಸಾಲುಗಳ ಮೇಲೆ, ಎಲ್ಲಕ್ಕಿಂತ ಮೊದಲು, ಅದು ಬರುತ್ತದೆ: ಚಾಲಕರು ಮಲಗುವುದು ಎಲ್ಲಿ, ಎಷ್ಟು ಗಂಟೆ? ಆ ಸಾಲು ತುಂಬದೆ ನಾನು ಸಹಿ ಹಾಕುವುದಿಲ್ಲ. ನೀವೂ ಹಾಕಬೇಡಿ.